ಕೇಳದೆ ಅಳಿಸುವುದಿಲ್ಲ

ಸರ್ವರ್ ಕೋಣೆಯ ಬಾಗಿಲನ್ನು ತಟ್ಟದೆ ಒಳಗೆ ನುಗ್ಗಿದವನ ಕಂಕುಳಲ್ಲಿ ಒಂದು ಕಾಲಿತ್ತು.

ಪೂರ್ತಿ ಕಾಲಲ್ಲ. ಬಿಳಿ ಫೋಮಿನ ದಿಮ್ಮಿಯಲ್ಲಿ ಅರ್ಧ ಕೆತ್ತಿದ ಕಾಲಿನ ಅಚ್ಚು. ಮೇಲಿನ ಅರ್ಧ ನಯವಾಗಿ ಮೂಡಿತ್ತು, ಕೆಳಗಿನ ಅರ್ಧ ಇನ್ನೂ ಚೌಕಾಕಾರದ ದಿಮ್ಮಿಯಾಗಿಯೇ ಉಳಿದಿತ್ತು. ಅವನು ಅದನ್ನು ಅವಳ ಕೀಬೋರ್ಡಿನ ಪಕ್ಕ ದೊಪ್ಪೆಂದು ಇಟ್ಟ.

"ಇದರ ಉಳಿದರ್ಧ ನಿಮ್ಮ ಸರ್ವರ್ ಹೊಟ್ಟೇಲಿದೆ. ತೆಗೆದುಕೊಡಿ."

ಅವಳು ತಲೆಯೆತ್ತಿ ನೋಡಿದಳು. ಅವನ ಹುಬ್ಬಿನ ಮೇಲೆ, ಮೂಗಿನ ತುದಿಯಲ್ಲಿ, ಅಂಗಿಯ ತೋಳಿನಲ್ಲಿ ಎಲ್ಲೆಲ್ಲೂ ಫೋಮಿನ ಬಿಳಿ ಪುಡಿ. ಕಣ್ಣು ಮಾತ್ರ ಕೆಂಪಗಿತ್ತು. ಕೋಪದಿಂದಲೋ ಪುಡಿಯಿಂದಲೋ ಹೇಳುವುದು ಕಷ್ಟ.

ಅವಳು ಆ ಕೃತಕ ಕಾಲಿನ ಕೇಂದ್ರಕ್ಕೆ ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಕಂಪ್ಯೂಟರುಗಳನ್ನೂ ಅವುಗಳ ಬೆನ್ನೆಲುಬಾದ ಲಿನಕ್ಸ್ ಸರ್ವರನ್ನೂ ನೋಡಿಕೊಳ್ಳುವುದು ಅವಳ ಕೆಲಸ. ಕಾಲು ಕಳೆದುಕೊಂಡವರು ಬರುತ್ತಾರೆ, ಕಾಲಿನ ಉಳಿದ ಭಾಗವನ್ನು ಇಲ್ಲಿ ಸ್ಕ್ಯಾನ್ ಮಾಡುತ್ತಾರೆ, ಅದರ ಆಕಾರವನ್ನು ಯಂತ್ರ ಫೋಮಿನಲ್ಲಿ ಕೆತ್ತುತ್ತದೆ, ಆ ಅಚ್ಚಿನ ಮೇಲೆ ಹೊಸ ಕಾಲು ಕೂರುವ ಬಟ್ಟಲು ತಯಾರಾಗುತ್ತದೆ. ಇಷ್ಟನ್ನು ಮಾತ್ರ ಅವಳು ಕಲಿತಿದ್ದಳು. ಕೆತ್ತುವ ಯಂತ್ರದ ಒಡೆಯ ಇವನೇ ಎಂದು ಈಗ ತಿಳಿಯಿತು. ಇಡೀ ಕೇಂದ್ರ ಅವನನ್ನು ಅಚ್ಚುಗಾರ ಎಂದೇ ಕರೆಯುತ್ತಿತ್ತು.

"ಯಂತ್ರ ನಡುವೆ ನಿಂತಿತಾ?" ಎಂದಳು.

"ನಿಂತಿತು. ಒಂದು ದಿಮ್ಮಿ ದಂಡ. ಹೊರಗೆ ಒಬ್ರು ಬೆಳಗ್ಗೆಯಿಂದ ಕಾಯ್ತಿದ್ದಾರೆ, ಅವರಿಗೆ ಏನು ಹೇಳ್ಲಿ?"

ಅವಳು ಪರದೆಯತ್ತ ತಿರುಗಿ ನೋಡಿದಳು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ಪ್ರತಿ ಸ್ಕ್ಯಾನ್ ಮುಗಿದ ಮೇಲೂ ಸಾಫ್ಟ್‌ವೇರ್ ತನ್ನ ತಾತ್ಕಾಲಿಕ ಫೈಲುಗಳನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು, ಅಡುಗೆ ಮುಗಿಸಿದವರು ಪಾತ್ರೆ ತೊಳೆಯದೆ ಎದ್ದುಹೋದ ಹಾಗೆ. ವರ್ಷಗಟ್ಟಲೆ ಯಾರೂ ಅತ್ತ ತಿರುಗಿಯೂ ನೋಡಿರಲಿಲ್ಲ.

"ತಾತ್ಕಾಲಿಕ ಫೈಲುಗಳು ತುಂಬಿಕೊಂಡಿವೆ."

"ಹಾಗಾದ್ರೆ ಅಳಿಸಿ. ಒಂದು ಗುಂಡಿ ಒತ್ತಿದ್ರೆ ಮುಗೀತಲ್ಲ."

"ಕೇಳದೆ ಅಳಿಸಲ್ಲ," ಎಂದಳು ಅವಳು.

"ಯಾರನ್ನ ಕೇಳ್ತೀರಿ?"

"ಯಾರ ಫೈಲೋ ಅವರನ್ನ. ಮೊದಲು ನಿಮ್ಮದೇ ಶುರು ಮಾಡೋಣ. ಕೂತ್ಕೊಳ್ಳಿ."

ಜಗಳಕ್ಕೆಂದು ಬಂದವನು ಸ್ಟೂಲಿನ ಮೇಲೆ ಕೂತ. ಅವಳು ಒಂದೊಂದೇ ತೋರಿಸಿದಳು. ಬೇಕಾ? ಬೇಡ. ಇದು? ಬೇಡ. ಇದು? ಹೀಗೆ ಸಾಗುತ್ತಿರುವಾಗ ಒಂದು ಹಳೆಯ ಫೈಲಿನ ಹತ್ತಿರ ಅವನು ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟ.

"ಅದನ್ನ ಮುಟ್ಟಬೇಡಿ. ಅದು ಬೇಕು."

"ಬೇಕಾಗಿದ್ದು ತಾತ್ಕಾಲಿಕ ಫೋಲ್ಡರಿನಲ್ಲಿ ಯಾಕಿದೆ?"

"ಆ ಮನುಷ್ಯ ಇನ್ನೂ ನಡೆದಿಲ್ಲ," ಎಂದ ಅವನು, ಅಷ್ಟು ಹೊತ್ತಿನ ಬಿರುಸನ್ನೆಲ್ಲ ಬಿಟ್ಟು. "ಉಳಿದ ಕಾಲು ಬೆಳಗ್ಗೆ ಊದಿರುತ್ತೆ, ಸಂಜೆ ಇಳಿದಿರುತ್ತೆ. ಒಂದ್ಸಲ ಅಳತೆ ತಗೊಂಡು ಇದೇ ಕೊನೆ ಅಂತ ಹೇಳೋಕಾಗಲ್ಲ. ಅವರು ಎದ್ದು ನಾಲ್ಕು ಹೆಜ್ಜೆ ಹಾಕೋವರೆಗೂ ನನಗೆ ಎಲ್ಲಾ ತಾತ್ಕಾಲಿಕವೇ."

ಅವಳು ಆ ಫೈಲನ್ನು ಮುಟ್ಟಲಿಲ್ಲ. ಆದರೆ ಆ ಮಾತು ಎಲ್ಲೋ ಅವಳನ್ನು ಮುಟ್ಟಿತು.

ಜಾಗ ಖಾಲಿಯಾಯಿತು, ಯಂತ್ರ ಮತ್ತೆ ಓಡಿತು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, "ಥ್ಯಾಂಕ್ಸ್, ಪೊರಕೆ ಮೇಡಂ," ಎಂದು ನಕ್ಕು ಹೋದ. ಸಂಜೆಯಾಗುವಷ್ಟರಲ್ಲಿ ಆ ಹೆಸರು ಕಟ್ಟಡದ ತುಂಬ ಓಡಾಡಿತು.

ಮನೆಗೆ ಬಂದವಳು ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು. ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದ ಅಕ್ಕ ಬಣ್ಣದ ಕಾಗದ ಕತ್ತರಿಸುತ್ತ ಕೂತಿದ್ದಳು. ಇಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದರು. ಅಕ್ಕ ಇಡೀ ಜಗತ್ತನ್ನು ನಾಲ್ಕು ವರ್ಷದ ಮಕ್ಕಳೆಂದೇ ತಿಳಿದು ಮಾತಾಡುತ್ತಿದ್ದಳು.

"ಏನಾಯ್ತು ಪುಟ್ಟಿ? ಯಾರು ಬೈದ್ರು?"

"ಯಾರೂ ಬೈದಿಲ್ಲ. ಒಬ್ಬ ಅಚ್ಚುಗಾರ. ನನಗೆ ಪೊರಕೆ ಅಂತ ಹೆಸರಿಟ್ಟಿದ್ದಾನೆ. ಮೂಗಿನ ಮೇಲೆ ಪುಡಿ ಅಂಟಿಕೊಂಡಿದ್ದರೂ ಒರೆಸಿಕೊಳ್ಳೋಕೆ ಬರಲ್ಲ, ಬೇರೆಯವರಿಗೆ ಹೆಸರಿಡೋಕೆ ಮಾತ್ರ ಬರುತ್ತೆ."

"ಮೂಗಿನ ಮೇಲೆ ಪುಡಿ ಇತ್ತಾ?" ಎಂದಳು ಅಕ್ಕ, ಕತ್ತರಿ ನಿಲ್ಲಿಸದೆ. "ಸರಿಯಾಗೇ ನೋಡಿದ್ದೀಯ."

ಅಲ್ಲಿಂದ ಮುಂದೆ ದಿನವೂ ಚಹಾ ಹೊತ್ತಿಗೆ ಅವಳು ಅವನ ಮೇಜಿನ ಬಳಿ ಹೋಗುವುದು ರೂಢಿಯಾಯಿತು. ಅವನ ಕೋಣೆಯಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಯುದ್ದಕ್ಕೂ ಸಾಲಾಗಿ ಕಾಲುಗಳು. ಅವಳು ಬರುವಷ್ಟರಲ್ಲಿ ಅವನು ಒಂದು ಸ್ಟೂಲನ್ನು ಬಟ್ಟೆಯಿಂದ ಒರೆಸಿ ಇಟ್ಟಿರುತ್ತಿದ್ದ. ಅವಳ ಲ್ಯಾಪ್‌ಟಾಪಿನಲ್ಲಿ ಅಂದಿನ ತಾತ್ಕಾಲಿಕ ಫೈಲುಗಳ ಹೆಸರುಗಳು ಬರೀ ಅಂಕಿಗಳಾಗಿ ಕಾಣುತ್ತಿದ್ದವು. ಅವನು ಬೇಕು, ಬೇಡ ಎನ್ನುತ್ತಿದ್ದ. ಆದರೆ ದಿನವೂ ಕೊನೆಯಲ್ಲಿ ಎರಡೋ ಮೂರೋ ಫೈಲಿಗೆ ಬಂದಾಗ ಅವನಿಗೆ ಯೋಚನೆ ಹತ್ತುತ್ತಿತ್ತು.

"ಇದನ್ನ... ನಾಳೆ ಹೇಳ್ತೀನಿ."

"ಒಂದು ಫೈಲ್ ಬೇಕೋ ಬೇಡವೋ ಅನ್ನೋಕೆ ಒಂದು ದಿನ ಬೇಕಾ?"

"ಅವಸರದಲ್ಲಿ ತಪ್ಪಾಗಬಾರದಲ್ಲ ಮೇಡಂ."

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಫೈಲಿನ ಮಾತು ಮುಗಿದ ಮೇಲೆ ಬೇರೆ ಮಾತು ಶುರುವಾಗುತ್ತಿತ್ತು. ಮೊದಲ ಸಲ ಹೊಸ ಕಾಲಿನಲ್ಲಿ ಎದ್ದು ನಿಂತವರು ಅಳುತ್ತಾರೆಂದು ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಹೆಚ್ಚಿನವರು ನಗುತ್ತಾರೆ ಎಂದು ಅವನು ಹೇಳಿದ. ಸರ್ವರ್ ಕೋಣೆಯ ಚಳಿಗೆ ತಾನು ಎರಡು ಸ್ವೆಟರ್ ಹಾಕಿಕೊಂಡು ಕೂರುತ್ತೇನೆ ಎಂದು ಅವಳು ಹೇಳಿದಳು. ಮರುದಿನ ಅವನ ಮೇಜಿನ ಮೇಲೆ ಬಿಸಿ ಚಹಾದ ಲೋಟ ಎರಡಿದ್ದವು.

ಅವಳಿಗೆ ಖುಷಿಯಾಗಿತ್ತು. ಸುಳ್ಳೇಕೆ ಹೇಳಬೇಕು? ಬೆಳಗ್ಗೆ ಎದ್ದು ತಲೆ ಬಾಚುವಾಗಲೇ ಚಹಾ ಹೊತ್ತಿನ ನೆನಪಾಗಿ ಕನ್ನಡಿಯಲ್ಲಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಅದನ್ನು ಅಕ್ಕ ನೋಡುತ್ತಿದ್ದಳು. ನೋಡಿ ಸುಮ್ಮನಿರುವ ಜಾತಿಯವಳಲ್ಲ ಅಕ್ಕ.

"ಇವತ್ತು ಅಚ್ಚುಗಾರನ ಮೂಗಿನ ಮೇಲೆ ಪುಡಿ ಇತ್ತಾ?" ಎಂದು ದಿನವೂ ವಿಚಾರಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೇಂದ್ರದ ಮುಖ್ಯಸ್ಥೆ ಡಾಕ್ಟರಮ್ಮ ಅವಳನ್ನು ಕರೆಸಿದರು.

"ನೋಡಮ್ಮ, ನಿನ್ನ ಕೆಲಸ ಚೆನ್ನಾಗಿದೆ. ಆದರೆ ದಿನಾ ಕೈಯಿಂದ ಗುಡಿಸ್ತಾ ಕೂರೋದು ಎಷ್ಟು ದಿನ? ನೀನು ರಜೆ ಹಾಕಿದ ದಿನ ಡಿಸ್ಕ್ ತುಂಬಿದ್ರೆ ಮತ್ತೆ ಯಂತ್ರ ನಿಲ್ಲುತ್ತೆ. ತಾನಾಗಿ ಗುಡಿಸಿಕೊಳ್ಳೋ ಹಾಗೆ ಮಾಡು. ನಿನ್ನ ಪ್ರೊಬೇಷನ್ ಮುಗಿಯೋದರೊಳಗೆ ಅದು ಆಗಿದ್ರೆ, ನಿನ್ನನ್ನ ಖಾಯಂ ಮಾಡೋಕೆ ಯಾರೂ ಅಡ್ಡ ಬರಲ್ಲ."

ಅವಳಿಗೆ ಆ ಕೆಲಸ ಖಾಯಂ ಆಗುವುದು ತುಂಬ ಬೇಕಿತ್ತು. ಅಕ್ಕನೊಬ್ಬಳ ಸಂಬಳದ ಮೇಲೆ ಎರಡು ವರ್ಷ ಕೂತು ಓದಿದವಳು ಅವಳು.

ಅವಳು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನಾಗಿ ಪಾಲಿಸುವ ಆದೇಶಗಳ ಪಟ್ಟಿ, ಬರೆಯತೊಡಗಿದಳು. ಹತ್ತು ದಿನ ಯಾರೂ ಬದಲಿಸದ ತಾತ್ಕಾಲಿಕ ಫೈಲುಗಳನ್ನು ಹುಡುಕಿ ಅಳಿಸಬೇಕು, ದಿನವೂ ಊಟದ ಹೊತ್ತಿಗೆ, ಯಂತ್ರ ಸುಮ್ಮನಿರುವಾಗ. ಅಷ್ಟಕ್ಕೇ ಅವಳಿಗೆ ಸಮಾಧಾನವಿರಲಿಲ್ಲ. ಮೊದಲ ಕೆಲವು ದಿನ ಅದು ಬರೀ ತಾಲೀಮು ಮಾಡಬೇಕು. ಏನನ್ನು ಅಳಿಸುತ್ತೇನೆ ಎಂದು ಹೇಳಬೇಕು, ಕೈ ಹಾಕಬಾರದು. ಎಲ್ಲರೂ ನೋಡಿ ಒಪ್ಪಿದ ಮೇಲೆಯೇ ನಿಜವಾದ ಕೆಲಸ. ಒಬ್ಬರು ಬೇಡವೆಂದರೂ ಓಡಿಸುವುದಿಲ್ಲ ಎಂದು ಅವಳು ತಾನೇ ನಿಯಮ ಹಾಕಿಕೊಂಡಳು.

ಎಲ್ಲರೂ ಒಪ್ಪಿದರು. ಒಬ್ಬನನ್ನು ಬಿಟ್ಟು.

"ಹತ್ತು ದಿನ ಮುಟ್ಟಿಲ್ಲ ಅಂದ್ರೆ ಬೇಡ ಅಂತ ಅರ್ಥನಾ?" ಎಂದ ಅಚ್ಚುಗಾರ. "ಊತ ಇಳೀಲಿ ಅಂತ ನಾನು ಮೂರು ವಾರ ಕಾಯ್ತೀನಿ. ಆಗ ಆ ಸ್ಕ್ಯಾನ್ ಹೋದ್ರೆ?"

ಮಾತು ಸರಿಯಾಗಿತ್ತು. ಅವಳು ತಿದ್ದಿದಳು. ಅಳಿಸುವ ಬದಲು ಬೇರೆ ಕಡೆಗೆ ಸರಿಸಿ, ಒಂದು ತಿಂಗಳು ಅಲ್ಲೇ ಇಟ್ಟು, ಆಮೇಲೆ ಅಳಿಸುವ ಹಾಗೆ ಮಾಡಿದಳು.

"ಎಲ್ಲಿಗೆ ಸರಿಸ್ತೀರಿ? ಅದೇ ಡಿಸ್ಕಿಗಾ? ಹಾಗಾದ್ರೆ ಜಾಗ ಎಲ್ಲಿ ಉಳೀತು?"

ಅವಳು ನಾಲಿಗೆ ಕಚ್ಚಿಕೊಂಡು ಅದನ್ನು ಬೇರೆ ಡಿಸ್ಕಿಗೆ ಹಾಕಿದಳು.

"ಯಂತ್ರ ಕೆತ್ತುತ್ತಿರೋವಾಗ ಅದೇ ಫೈಲನ್ನ ನಿಮ್ಮ ಸ್ಕ್ರಿಪ್ಟ್ ಎತ್ತಿಕೊಂಡು ಹೋದ್ರೆ?"

ಯಾವುದಾದರೂ ಪ್ರೋಗ್ರಾಂ ತೆರೆದಿಟ್ಟುಕೊಂಡ ಫೈಲನ್ನು ಮುಟ್ಟಬಾರದೆಂದು ಅವಳು ಸ್ಕ್ರಿಪ್ಟಿಗೆ ಕಲಿಸಿದಳು. ಅವನ ಫೋಲ್ಡರಿನಲ್ಲಿ ಹಳೆಯ ರೋಗಿಗಳ ಭಂಡಾರಕ್ಕೆ ಹೋಗುವ ಒಂದು ಲಿಂಕ್ ಇತ್ತು. ಸ್ಕ್ರಿಪ್ಟ್ ಆ ದಾರಿ ಹಿಡಿದು ಹೋಗಿ ಭಂಡಾರವನ್ನೇ ಗುಡಿಸಿದರೆ? ಲಿಂಕ್ ಹಿಡಿದು ಹೊರಗೆ ಹೋಗಬಾರದೆಂದು ಬರೆದಳು. ಫೋಲ್ಡರಿನ ಹೆಸರೇ ಅಕಸ್ಮಾತ್ ಖಾಲಿ ಬಂದು, ಸ್ಕ್ರಿಪ್ಟ್ ಡಿಸ್ಕಿನ ಬುಡದಿಂದಲೇ ಗುಡಿಸಲು ನಿಂತರೆ? ಸರಿಯಾದ ಜಾಗದಲ್ಲಿ ನಿಂತಿದ್ದೇನೆಯೇ ಎಂದು ಮೊದಲು ನೋಡು, ಇಲ್ಲದಿದ್ದರೆ ಸುಮ್ಮನೆ ವಾಪಸ್ ಹೋಗು ಎಂದು ಬರೆದಳು. ಆ ಫೋಲ್ಡರುಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಲು ಅಧಿಕಾರವಿಲ್ಲದ ಒಂದು ಬೇರೆ ಖಾತೆಯ ಕೈಗೆ ಕೆಲಸವನ್ನು ಒಪ್ಪಿಸಿದಳು.

ಪ್ರತಿ ಸಲವೂ ಅವನು ತೆಗೆದ ತಪ್ಪು ನಿಜವಾದ ತಪ್ಪೇ ಆಗಿರುತ್ತಿತ್ತು. ಪ್ರತಿ ಸಲವೂ ಅವಳು ತಿದ್ದಿ ತರುತ್ತಿದ್ದಳು. ಕೊನೆಗೊಂದು ದಿನ ಅವನು ಪರದೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ.

"ಇನ್ನೇನು ತಪ್ಪಿದೆ?" ಎಂದಳು ಅವಳು.

"ಇನ್ನೇನೂ ಇಲ್ಲ." ಅವನ ದನಿ ಯಾಕೋ ಸಪ್ಪಗಿತ್ತು.

"ಹಾಗಾದ್ರೆ ಒಪ್ಪಿಗೆ?"

ಅವನು ಎದ್ದುಹೋಗಿ ಯಂತ್ರದ ಪುಡಿ ಒರೆಸತೊಡಗಿದ.

ಮರುದಿನ ಎಲ್ಲರ ಸಭೆಯಲ್ಲಿ ಡಾಕ್ಟರಮ್ಮ ಕೇಳಿದರು. "ಏನಪ್ಪಾ, ನಿನ್ನದೊಂದೇ ಬಾಕಿ. ನಾಳೆಯಿಂದ ಓಡಿಸೋಣವಾ?"

ಅಚ್ಚುಗಾರ ನೆಲ ನೋಡಿದ. "ಇನ್ನೂ ಸ್ವಲ್ಪ ದಿನ ಕೈಯಿಂದಲೇ ನಡೀಲಿ ಡಾಕ್ಟರಮ್ಮ. ಮೇಡಂ ಬಂದು ಕೇಳಿ ಮಾಡೋದೇ ಒಳ್ಳೇದು."

ಎಲ್ಲರೂ ಅವಳತ್ತ ತಿರುಗಿದರು. ಅವಳ ಕಿವಿ ಬಿಸಿಯಾಯಿತು.

'ಒಂದೂ ತಪ್ಪಿಲ್ಲ ಅಂತ ನಿನ್ನೆ ತಾನೇ ಹೇಳಿದ. ಇವತ್ತು ನಾಲ್ಕು ಜನರ ಮುಂದೆ ನನ್ನ ಕೆಲಸ ನಂಬೋ ಹಾಗಿಲ್ಲ ಅಂತ ಹೇಳಿದ ಹಾಗಾಯ್ತಲ್ಲ! ಇಷ್ಟು ದಿನದ ಚಹಾ, ಮಾತು, ನಗು... ಎಲ್ಲ ಸುಮ್ಮನೆಯಾ? ನನ್ನ ಕೆಲಸ ಖಾಯಂ ಆಗೋದು ಇವನಿಗೆ ಬೇಕಿಲ್ಲವಾ?'

ಅವಳು ಎದ್ದು ನಿಂತು ಹೇಳಿದಳು. "ಅವರ ಫೋಲ್ಡರ್ ಬಿಟ್ಟು ಉಳಿದವರದ್ದು ನಾಳೆಯಿಂದ ಓಡುತ್ತೆ. ಅವರದ್ದನ್ನ ಅವರೇ ನೋಡ್ಕೊಳ್ಳಲಿ."

ಅಂದೇ ಅವಳು ಸ್ಕ್ರಿಪ್ಟಿನಿಂದ ಅವನ ಹೆಸರನ್ನು ತೆಗೆದುಹಾಕಿದಳು. ಫೋಲ್ಡರುಗಳು ಉಬ್ಬಿದರೆ ಎಚ್ಚರಿಸುವ ಲೆಕ್ಕದಿಂದಲೂ ತೆಗೆದಳು. ಅವನ ಹೆಸರು ತನ್ನ ಪರದೆಯ ಮೇಲೆ ಕಾಣುವುದೇ ಬೇಡವೆನಿಸಿತ್ತು. ಕೋಪದಲ್ಲಿ ಮಾಡಿದ ಕೆಲಸ ಅದು. ಕೋಪ ಇಳಿದ ಮೇಲೆ ಮತ್ತೊಮ್ಮೆ ನೋಡಬೇಕಿತ್ತು, ಆದರೆ ಅವಳ ಕೋಪ ಇಳಿಯಲೇ ಇಲ್ಲ.

ಚಹಾ ಹೊತ್ತಿಗೆ ಅವಳು ತನ್ನ ಕೋಣೆಯಲ್ಲೇ ಎರಡು ಸ್ವೆಟರ್ ಹಾಕಿಕೊಂಡು ಕೂತಿರತೊಡಗಿದಳು. ಒಮ್ಮೆ ಮೆಟ್ಟಿಲ ಬಳಿ ಅವನು ಎದುರಾಗಿ ಏನೋ ಹೇಳಲು ಬಾಯಿ ತೆರೆದ. ಅವಳು ಫೋನ್ ಕಿವಿಗೆ ಹಿಡಿದು ಯಾರೊಡನೆಯೋ ಮಾತಾಡುವವಳ ಹಾಗೆ ಮುಂದೆ ಹೋದಳು. ಫೋನಿನ ಆ ಕಡೆ ಯಾರೂ ಇರಲಿಲ್ಲ.

ಸ್ಕ್ರಿಪ್ಟ್ ಮಾತ್ರ ದಿನವೂ ಚಾಚೂ ತಪ್ಪದೆ ಗುಡಿಸುತ್ತಿತ್ತು. ಜನ ಹೊಗಳಿದರು. ಅವಳಿಗೆ ಏನೂ ಅನ್ನಿಸಲಿಲ್ಲ.

"ಪುಟ್ಟಿ, ಎರಡು ವಾರದಿಂದ ಯಾರ ಮೂಗಿನ ಸುದ್ದಿಯೂ ಇಲ್ಲ," ಎಂದಳು ಅಕ್ಕ ಒಂದು ಸಂಜೆ, ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತ. "ಜಗಳ ಆಡಿದ್ರೆ ಬಾಯಿಬಿಟ್ಟು ಆಡಬೇಕು. ಹೀಗೆ ಮುಖ ಊದಿಸಿಕೊಂಡು ಕೂರೋದನ್ನ ನನ್ನ ಕ್ಲಾಸಿನ ಮಕ್ಕಳೂ ಬಿಟ್ಟಿದ್ದಾರೆ."

"ಅವನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಕ್ಕ."

"ಕೇಳಿದ್ಯಾ ಅವನನ್ನ?"

ಅವಳು ಅನ್ನ ಕಲಸಿದಳು. ಫೈಲನ್ನೂ ಕೇಳದೆ ಅಳಿಸದವಳು ಮನುಷ್ಯನನ್ನು ಕೇಳಿರಲಿಲ್ಲ.

ಮರುದಿನ ಟೈಲರ್ ಅಮ್ಮನ ಸರದಿ. ಅರವತ್ತು ದಾಟಿದ ಆಕೆ ಹೊಲಿಗೆ ಯಂತ್ರವನ್ನು ಕಾಲಿನಿಂದ ತುಳಿದೇ ಜೀವನ ಕಟ್ಟಿಕೊಂಡವರು. ಬಲಗಾಲು ಮೊಣಕಾಲಿನ ಕೆಳಗೆ ಹೋದ ಮೇಲೆ ಅಂಗಡಿಗೆ ಬೀಗ ಬಿದ್ದಿತ್ತು. ಮೋಟಾರ್ ಹಾಕಿಸಿಕೊಳ್ಳಿ ಎಂದವರಿಗೆಲ್ಲ, "ಹೊಲಿಗೆ ಅಂದ್ರೆ ಕೈಯಷ್ಟೇ ಅಂದ್ಕೊಂಡ್ರಾ? ಅರ್ಧ ಹೊಲಿಯೋದು ಕಾಲು," ಎಂದು ಬಾಯಿ ಮುಚ್ಚಿಸಿದ್ದರು. ಅವರ ಅಳತೆಗೆ ಬೇಕಾದ ದೊಡ್ಡ ದಿಮ್ಮಿ ಕೇಂದ್ರದಲ್ಲಿ ಒಂದೇ ಉಳಿದಿತ್ತು. ಮುಂದಿನದು ಬರಲು ತಿಂಗಳುಗಳಾದರೂ ಆಗಬಹುದಿತ್ತು. ಯಂತ್ರ ಕೆತ್ತಲು ಶುರು ಮಾಡಿತ್ತು, ಟೈಲರ್ ಅಮ್ಮ ಗಾಜಿನ ಈಚೆ ಬೆಂಚಿನ ಮೇಲೆ ಕೂತು ತಮ್ಮ ಕಾಲು ಹುಟ್ಟುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪಕ್ಕದಲ್ಲಿ ಡಾಕ್ಟರಮ್ಮ ಇದ್ದರು.

ಸರ್ವರ್ ಕೋಣೆಯಲ್ಲಿ ಅವಳ ಪರದೆಯ ಮೇಲೆ ಒಂದು ಕೆಂಪು ಸಾಲು ಕಾಣಿಸಿತು. ಕೆತ್ತುವ ಯಂತ್ರದ ಸಾಫ್ಟ್‌ವೇರ್ ದೂರು ಹೇಳುತ್ತಿತ್ತು: ಜಾಗ ಸಾಲುತ್ತಿಲ್ಲ.

'ಹೇಗೆ ಸಾಧ್ಯ? ದಿನಾ ಗುಡಿಸ್ತಿದೆಯಲ್ಲ...'

ಅವಳು ಇಡೀ ಡಿಸ್ಕನ್ನು ನೋಡಿದಳು. ಎಲ್ಲರ ಫೋಲ್ಡರೂ ಹಗುರಾಗಿದ್ದವು. ಒಂದು ಮಾತ್ರ ಹೊಟ್ಟೆ ಬಿರಿಯುವಷ್ಟು ಊದಿತ್ತು. ಅದು ಅಚ್ಚುಗಾರನದು. ತಾನೇ ಲೆಕ್ಕದಿಂದ ತೆಗೆದದ್ದು.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದಳು. ಅವನ ಕೋಣೆಗೆ ನುಗ್ಗಿ, ಎರಡು ವಾರದ ಮೇಲೆ ಮೊದಲ ಸಲ ಅವನ ಕಣ್ಣು ನೋಡಿ ಮಾತಾಡಿದಳು.

"ಯಂತ್ರ ನಿಲ್ಲುತ್ತೆ. ನಿಮ್ಮ ಫೋಲ್ಡರ್ ತುಂಬಿದೆ. ಈಗಲೇ ಖಾಲಿ ಮಾಡಬೇಕು, ಏನೇನು ಬೇಡ ಹೇಳಿ."

ಅವನ ಮುಖ ಬಿಳುಚಿಕೊಂಡಿತು. "ಎಲ್ಲಾ ಅಳಿಸಿ."

"ಎಲ್ಲಾ?"

"ಎಲ್ಲಾ. ನೋಡೋದೇನೂ ಬೇಡ, ಅಳಿಸಿಬಿಡಿ."

ಊರುಗೋಲು ಊರಿಕೊಂಡು ಟೈಲರ್ ಅಮ್ಮನೂ, ಜೊತೆಗೆ ಡಾಕ್ಟರಮ್ಮನೂ ಬಾಗಿಲಿಗೆ ಬಂದು ನಿಂತರು. ಅವಳ ಬೆರಳು ಕೀಲಿಯ ಮೇಲೆ ತಡೆಯಿತು. ನೋಡಬೇಡಿ ಎಂದದ್ದೇ ಅವಳನ್ನು ತಡೆದದ್ದು.

"ನೋಡದೆ ಅಳಿಸಲ್ಲ," ಎಂದು ಅವಳು ಎಲ್ಲಕ್ಕಿಂತ ದೊಡ್ಡ ಫೈಲನ್ನು ತೆರೆದಳು.

ಪರದೆಯ ಮೇಲೆ ಒಂದು ದುಂಡನೆಯ ಆಕಾರ ನಿಧಾನವಾಗಿ ತಿರುಗತೊಡಗಿತು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ. ಸಪೂರ ತುದಿಯಲ್ಲಿ ಒಂದು ತೊಟ್ಟು.

"ಇದು ಯಾವ ರೋಗಿಯ ಕಾಲು?" ಎಂದಳು ಅವಳು.

ಅವನು ಕಣ್ಣು ಮುಚ್ಚಿಕೊಂಡ. "ಬದನೆಕಾಯಿ."

ಅವಳು ಅದನ್ನು ಅಳಿಸಿ ಮುಂದಿನದನ್ನು ತೆರೆದಳು. ಚಹಾ ಲೋಟ. ಅದರ ಮುಂದಿನದು ಬಾಗಿಲ ಹಿಡಿ. ಆಮೇಲೆ ಒಂದು ಎಡಗಾಲಿನ ಚಪ್ಪಲಿ. ಆಮೇಲೆ ಮತ್ತೊಂದು ಬದನೆಕಾಯಿ, ಈ ಸಲ ಸ್ವಲ್ಪ ಚಿಕ್ಕದು.

"ಬದನೆಕಾಯಿಗೂ ಕಾಲು ಕೂಡಿಸ್ತೀರೇನಪ್ಪಾ ಇಲ್ಲಿ?" ಎಂದರು ಟೈಲರ್ ಅಮ್ಮ.

ಅವಳು ನಗಲಿಲ್ಲ, ನಗಲು ಪುರುಸೊತ್ತಿರಲಿಲ್ಲ. ಒಂದೊಂದನ್ನೂ ತೆರೆದು, ನೋಡಿ, ಅಳಿಸುತ್ತ ಹೋದಳು. ನಡುವೆ ಬಂದ ಒಂದು ಆಕಾರ ತರಕಾರಿಯದಾಗಿರಲಿಲ್ಲ.

"ಇದು?"

ಅವನು ಬಗ್ಗಿ ನೋಡಿ ತಲೆಗೆ ಕೈ ಹಚ್ಚಿಕೊಂಡ. "ಅದು ಬೇಕು. ನಾಡಿದ್ದು ಬರೋ ಯಜಮಾನರದ್ದು, ಅವರು ಇನ್ನೂ ನಡೆದಿಲ್ಲ... ಅವಸರದಲ್ಲಿ ಮರೆತೇಬಿಟ್ಟೆ."

ಅದು ಉಳಿಯಿತು. ಟೈಲರ್ ಅಮ್ಮನದನ್ನು ಯಂತ್ರವೇ ತೆರೆದಿಟ್ಟುಕೊಂಡಿದ್ದರಿಂದ ಅವಳು ಅದರ ಹತ್ತಿರವೂ ಸುಳಿಯಲಿಲ್ಲ. ಉಳಿದದ್ದೆಲ್ಲ ಹೋಯಿತು. ಕೆಂಪು ಸಾಲು ಮಾಯವಾಯಿತು. ಗಾಜಿನ ಆಚೆ ಯಂತ್ರ ಒಂದು ಕ್ಷಣವೂ ತಡೆಯದೆ ಕಾಲಿನ ಕೊನೆಯ ತಿರುವನ್ನು ಕೆತ್ತಿ ಮುಗಿಸಿತು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ದಿನದಿಂದ ಈ ತರಕಾರಿ ವ್ಯಾಪಾರ?"

ಅಚ್ಚುಗಾರ ಮೂಗಿನ ಮೇಲಿನ ಪುಡಿ ಒರೆಸಿಕೊಂಡ. ಅವಳಿಗಿಂತ ಮೊದಲು ಅರ್ಥವಾದದ್ದು ಟೈಲರ್ ಅಮ್ಮನಿಗೆ. ಆಕೆ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಅವಳ ಮುಖ ನೋಡಿದರು, ಆಮೇಲೆ ಡಾಕ್ಟರಮ್ಮನ ತೋಳು ಹಿಡಿದರು. "ಬನ್ನಿ ಡಾಕ್ಟರಮ್ಮ, ನನ್ನ ಕಾಲು ತೋರಿಸಿ. ಇಲ್ಲಿ ನಮಗೇನು ಕೆಲಸ?"

ಕಾಲು ತಯಾರಾಗಿ, ಕೂಡಿಸಿ, ತಿದ್ದಿ ಸರಿಮಾಡುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಿತು. ಟೈಲರ್ ಅಮ್ಮ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದರು. ಆಮೇಲೆ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಇಲ್ಲದ ಹೊಲಿಗೆ ಯಂತ್ರವನ್ನು ಹೊಸ ಕಾಲಿನಿಂದ ತುಳಿದು ನೋಡಿದರು. ತುಳಿಯುತ್ತ ತುಳಿಯುತ್ತ ನಕ್ಕರು. ಅಂದು ಕೇಂದ್ರದಲ್ಲಿ ನಗದವರು ಯಾರೂ ಇರಲಿಲ್ಲ.

ಆ ಗಲಾಟೆ ಮುಗಿದ ಮೇಲೆ ಅವಳು ಡಾಕ್ಟರಮ್ಮನ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅವತ್ತು ಡಿಸ್ಕ್ ತುಂಬಿದ್ದು ನನ್ನ ತಪ್ಪಿನಿಂದ. ಕೋಪದಲ್ಲಿ ಅವರ ಫೋಲ್ಡರನ್ನ ಲೆಕ್ಕದಿಂದಲೂ ತೆಗೆದುಬಿಟ್ಟಿದ್ದೆ."

"ತುಂಬಿಸಿದ್ದು ನಾನು," ಎಂದ ಹಿಂದೆಯೇ ಬಂದ ಅಚ್ಚುಗಾರ. "ಬೇರೆಯವರದ್ದೆಲ್ಲ ಖಾಲಿ ಆಗ್ತಿದೆ, ಜಾಗ ಇದ್ದೇ ಇರುತ್ತೆ ಅಂದ್ಕೊಂಡೆ."

"ತಪ್ಪು ಹಂಚಿಕೊಳ್ಳೋಕೆ ಇಷ್ಟು ಪೈಪೋಟಿ ನಾನು ನೋಡಿರಲಿಲ್ಲ," ಎಂದರು ಡಾಕ್ಟರಮ್ಮ. "ನೋಡಮ್ಮ, ನೀನು ನೋಡಿ ಅಳಿಸಿದ್ದಕ್ಕೆ ಆ ಯಜಮಾನರ ಸ್ಕ್ಯಾನ್ ಉಳೀತು. ನಿನ್ನ ಕೆಲಸ ಖಾಯಂ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಾಳೆಯಿಂದ ಇವನ ಫೋಲ್ಡರೂ ಸೇರಲಿ. ಒಪ್ಪಿಗೆ ಪಡೆಯೋದು ನಿನ್ನ ನಿಯಮ, ನೀನೇ ಪಡಕೋ."

ಇಬ್ಬರೂ ಹಿಂಬದಿಯ ಮೆಟ್ಟಿಲಿಗೆ ಬಂದರು. ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಖಾಲಿ ಪೆಟ್ಟಿಗೆಗಳ ಪಕ್ಕ ಅವನು ಒಂದು ಮೆಟ್ಟಿಲನ್ನು ಕೈಯಿಂದ ಒರೆಸಿದ, ಅವಳು ಕೂರಲಿಲ್ಲ.

"ಬದನೆಕಾಯಿ ಯಾಕೆ?" ಎಂದಳು.

"ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೇ."

"ನಾನು ತಮಾಷೆ ಮಾಡ್ತಿಲ್ಲ."

ಅವನು ಒಮ್ಮೆ ಉಸಿರೆಳೆದುಕೊಂಡ. "ನನ್ನ ಹತ್ತಿರ ಫೈಲ್ ಇದ್ರೆ ನೀವು ಬರ್ತಿದ್ರಿ. ಒಂದು ದಿನ ರೋಗಿಗಳೇ ಇರಲಿಲ್ಲ, ಫೈಲೂ ಇರಲಿಲ್ಲ. ಅವತ್ತು ಲೋಟ ಸ್ಕ್ಯಾನ್ ಮಾಡಿದೆ. ಆಮೇಲೆ ಅದೇ ಅಭ್ಯಾಸ ಆಯ್ತು. ಸ್ಕ್ರಿಪ್ಟ್ ಬಂದ್ರೆ ನೀವು ಬರಲ್ಲ. ಅದಕ್ಕೇ ದಿನಾ ಒಂದು ತಪ್ಪು ಹುಡುಕ್ತಿದ್ದೆ. ಹುಡುಕಿ ಹುಡುಕಿ ತಪ್ಪುಗಳೇ ಮುಗಿದುಹೋದ್ವು. ನಿಮ್ಮ ಕೆಲಸದಲ್ಲಿ ನಂಬಿಕೆ ಇಲ್ಲ ಅಂತ ನಿಮಗನ್ನಿಸುತ್ತೆ ಅಂತ ಹೊಳೀಲೇ ಇಲ್ಲ. ನೀವು ಬರೋದು ನಿಂತ ಮೇಲೆ, ಫೋಲ್ಡರ್ ತುಂಬಿದ್ರೆ ಒಂದ್ಸಲನಾದ್ರೂ ಬಂದು ಬೈತೀರಿ ಅಂತ..."

"ಟೈಲರ್ ಅಮ್ಮನ ಕಾಲು ಹೋಗ್ತಿತ್ತು."

"ಗೊತ್ತು. ಅದೊಂದು ತಪ್ಪನ್ನ ನಾನು ಮರೆಯಲ್ಲ." ಅವನ ದನಿಯಲ್ಲಿ ಆಟವಿರಲಿಲ್ಲ. "ನಿಮ್ಮ ಕೆಲಸಕ್ಕೂ ಕುತ್ತು ತಂದೆ. ಕ್ಷಮಿಸಿ."

ಅವಳ ಕೋಪ ಎಲ್ಲಿ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಎದೆಯಲ್ಲಿ ಎರಡು ವಾರದಿಂದ ಕೂತಿದ್ದ ಭಾರ ಇಳಿದು, ಆ ಜಾಗದಲ್ಲೆಲ್ಲ ನಗು ತುಂಬಿಕೊಳ್ಳುತ್ತಿತ್ತು.

"ಸುಮ್ನೆ ಬನ್ನಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಸುಮ್ನೆ ಕರೆದ್ರೆ ಬರ್ತಿದ್ರಾ?"

ಅವಳು ಮೆಟ್ಟಿಲ ಮೇಲೆ ಕೂತಳು. ಕೂತು, ತನ್ನ ಕಾಲ್ಬೆರಳು ನೋಡುತ್ತ ಒಂದು ಮಾತು ಹೇಳಿದಳು. ಇದನ್ನು ಓದುಗರಿಗೆ ಇಷ್ಟು ಹೊತ್ತು ಹೇಳದಿದ್ದಕ್ಕೆ ಕ್ಷಮೆಯಿರಲಿ. ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ಬೇರೆ ಯಾರ ಮೇಜಿಗೂ ನಾನು ಹೋಗ್ತಿರಲಿಲ್ಲ. ಎರಡನೇ ವಾರದಿಂದಲೇ ಎಲ್ಲರಿಗೂ ಮೆಸೇಜ್ ಕಳಿಸ್ತಿದ್ದೆ. ಬೇಕು, ಬೇಡ ಅಂತ ಅಲ್ಲೇ ಉತ್ತರ ಬರ್ತಿತ್ತು."

ಅವನು ಅವಳನ್ನೇ ನೋಡಿದ. "ನನಗೆ ಒಂದು ಮೆಸೇಜೂ ಬಂದಿಲ್ಲ."

"ನಿಮಗೆ ಕಳಿಸಿಲ್ಲ."

ಅದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖದಲ್ಲಿ ಮೂಡಿದ ಬೆಳಕನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ತಾನಿಷ್ಟು ದಿನ ನೆಪ ಹೂಡಿ ನೆಪ ಹೂಡಿ ಕರೆದವಳೂ ನೆಪ ಹೂಡಿಕೊಂಡೇ ಬರುತ್ತಿದ್ದಳು! ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ಮೇಲಿನ ಕಿಟಕಿಯಲ್ಲಿ ಯಾರೋ ಇಣುಕಿ ನೋಡಿ ಮರೆಯಾದರು.

ಅವನು ಅವಳಿಗಿಂತ ಕೆಳಗೆ, ನಡುವೆ ಒಂದು ಮೆಟ್ಟಿಲು ಬಿಟ್ಟು ಕೂತ. "ಸ್ಕ್ರಿಪ್ಟಿಗೆ ನನ್ನ ಒಪ್ಪಿಗೆ ಇದೆ. ನಾಳೆಯಿಂದಲೇ ಓಡಿಸಿ."

"ಸರಿ."

"ಇನ್ನೊಂದು ವಿಷಯಕ್ಕೆ... ನಿಮ್ಮ ಒಪ್ಪಿಗೆ ಬೇಕಿತ್ತು."

"ಕೇಳಿ."

ಕಾಲು ಕಳೆದುಕೊಂಡವರಿಗೆಲ್ಲ ಧೈರ್ಯ ಹೇಳುವವನ ನಾಲಿಗೆ ಅಲ್ಲಿಗೆ ಬಂದು ನಿಂತುಬಿಟ್ಟಿತು. ಅವಳಿಗೆ ಅವನ ಮೇಲೆ ಅಯ್ಯೋ ಪಾಪ ಎನ್ನಿಸಿತು, ಪ್ರೀತಿಯೂ ಉಕ್ಕಿತು. ತನಗೆ ಈ ಮನುಷ್ಯ ಬೇಕು ಎನ್ನುವುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನ ಉಳಿದಿರಲಿಲ್ಲ.

"ಭಾನುವಾರ ಮನೆಗೆ ಬನ್ನಿ," ಎಂದಳು. "ಅಕ್ಕನ ಎದುರಿಗೆ ಕೇಳಿ."

"ಅಕ್ಕ ಒಪ್ತಾರಾ?"

"ಅಕ್ಕ ಒಪ್ಪಿ ಎಷ್ಟೋ ದಿನ ಆಯ್ತು."

ಅವನು ಮೆಲ್ಲಗೆ, ಮೊದಲ ಸಲ ಬಹುವಚನ ಬಿಟ್ಟು ಕೇಳಿದ. "ನೀನು?"

ಅವಳು ಇಬ್ಬರ ನಡುವೆ ಖಾಲಿ ಉಳಿದಿದ್ದ ಮೆಟ್ಟಿಲಿಗೆ ಇಳಿದು ಕೂತಳು.

"ನಾನು ಅಕ್ಕನಿಗಿಂತ ಮೊದಲೇ."